ದಂಪತಿಗಳ ಪಯಣ: ಅಡಕೆಯ ಸಾಲಿನಿಂದ ದ್ರಾಕ್ಷಿಯ ಬಯಲಿಗೆ

ಗಂಡಹೆಂಡಿರಿಬ್ಬರೇ ಕೂಡಿ ದೂರದ ಊರುಗಳನ್ನು ನೋಡಿಬರುವುದು ಈಚಿನ ವರ್ಷಗಳಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಕಡೆಯ ಮನೆತನಗಳಲ್ಲಿಯೂ ರೂಢಿಗೆ ಬಂದಿದೆ. ಹಿಂದೆ ಯಾತ್ರೆಯೆಂದರೆ ಬಂಧುಬಳಗವೆಲ್ಲ ಸೇರಿ ಹೊರಡತಕ್ಕ ಕಾರ್ಯವಾಗಿತ್ತು. ಅದರಲ್ಲಿ ದಂಪತಿಗಳು ಒಬ್ಬರನ್ನೊಬ್ಬರು ಕಂಡು ಮಾತಾಡುವ ಪ್ರಸಂಗವೇ ಅಪರೂಪ. ಈಗಲಾದರೋ ಅಡಕೆಯ ಕೊಯ್ಲು, ಬೇಯಿಸುವುದು, ಒಣಗಿಸುವುದು ಇವೆಲ್ಲ ಮುಗಿದು ಕೈಗೆ ಬಿಡುವು ದೊರೆಯುತ್ತಲೇ ಇಬ್ಬರೂ ಒಂದು ಕಾರಿನಲ್ಲಿ ಕುಳಿತು ಉತ್ತರಾಭಿಮುಖವಾಗಿ ಹೊರಟುಬಿಡುತ್ತಾರೆ. ಚಿತ್ರದುರ್ಗದಿಂದ ಹೊಸಪೇಟೆ, ಅಲ್ಲಿಂದ ವಿಜಯಪುರ, ಮುಂದೆ ಸೊಲ್ಲಾಪುರದ ಮೇಲೆ ನಾಸಿಕ. ಅಡಕೆಯವರಿಗೆ ಬಿಡುವಾಗುವ ಹೊತ್ತಿಗೇ ವಿಜಯಪುರದ ಸೀಮೆಯಲ್ಲಿ ದ್ರಾಕ್ಷಿಯ ಗೊಂಚಲುಗಳು ಮಾಗಿರುತ್ತವೆ. ನಾಸಿಕದ ಸುತ್ತಲಂತೂ ದ್ರಾಕ್ಷಾರಸದ ಕಾರ್ಖಾನೆಗಳು ಬಂದವರನ್ನು ಬರಮಾಡಿಕೊಂಡು ತೋಟವನ್ನು ತೋರಿಸಿ ರುಚಿಯನ್ನೂ ತೋರಿಸುತ್ತವೆ. ಹಿಂದಿರುಗಿದವರಲ್ಲಿ ಬರವಣಿಗೆಯ ಅಭ್ಯಾಸವುಳ್ಳ ಕೆಲವರು ಪ್ರವಾಸಕಥನವನ್ನೂ ಬರೆಯುತ್ತಾರೆ.

ಆ ಕಥನಗಳನ್ನು ಓದಿದವರಿಗೆ ಒಂದು ಕೊರತೆಯು ಕಾಣದೆ ಇರದು. ಬರೆಯುವವನು ಸಾಮಾನ್ಯವಾಗಿ ಗಂಡ. ಎಷ್ಟು ಕಿಲೋಮೀಟರು ನಡೆಯಿತು, ಎಲ್ಲಿ ಇಳಿದುಕೊಂಡರು, ಊಟ ಹೇಗಿತ್ತು, ಗುಮ್ಮಟವನ್ನು ಯಾರು ಕಟ್ಟಿಸಿದರು ಎಂಬಿವು ವಿವರವಾಗಿ ಬರುತ್ತವೆ. ಹೆಂಡತಿಯು ಮೂರು ಎಡೆಗಳಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಾಳೆ: ಹೊರಡುವಾಗ ಬುತ್ತಿ ಕಟ್ಟುವಲ್ಲಿ, ನಡುವೆ ಸೀರೆಯ ಅಂಗಡಿಯಲ್ಲಿ, ಕೊನೆಗೆ ಭಾವಚಿತ್ರದಲ್ಲಿ. ಇಬ್ಬರು ನೋಡಿದ ನಾಡು ಒಬ್ಬನ ಕಣ್ಣಿನದಾಗಿ ಪುಸ್ತಕಕ್ಕೆ ಇಳಿಯುತ್ತದೆ. ಇದನ್ನು ದೋಷವೆಂದು ಹೇಳುವುದು ಸುಲಭ. ಆದರೆ ಈ ದೋಷವು ಇಂದಿನದಲ್ಲ, ಇದರ ಮೂಲವು ಬಹು ದೊಡ್ಡ ಕವಿಯೊಬ್ಬನ ಬಹು ದೊಡ್ಡ ಸರ್ಗವೊಂದರಲ್ಲಿಯೇ ಇದ್ದಂತೆ ತೋರುತ್ತದೆ. ಅದು ಅಲ್ಲಿ ನಿಜವಾಗಿ ದೋಷವೇ ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ರಘುವಂಶದ ಹದಿಮೂರನೆಯ ಸರ್ಗದಲ್ಲಿ ರಾಮನು ಸೀತೆಯೊಡನೆ ಪುಷ್ಪಕವನ್ನೇರಿ ಲಂಕೆಯಿಂದ ಅಯೋಧ್ಯೆಗೆ ಹಿಂದಿರುಗುತ್ತಾನೆ. ಕೆಳಗೆ ಜಾರಿಹೋಗುವ ನೆಲವನ್ನು ಒಂದೊಂದಾಗಿ ಅವಳಿಗೆ ತೋರಿಸುತ್ತಾನೆ. ಮೊದಲು ಸಮುದ್ರ, ಅದನ್ನು ಎರಡಾಗಿ ಸೀಳಿದ ಸೇತುವೆ, ಆಮೇಲೆ ದಡ. ಆ ದಡದ ಗುರುತು ಏನೆಂದರೆ ಒಡೆದ ಚಿಪ್ಪುಗಳಿಂದ ಚೆಲ್ಲಿದ ಮುತ್ತು ಮತ್ತು ಫಲಭಾರದಿಂದ ಬಾಗಿದ ಅಡಕೆಯ ಮರಗಳ ಸಾಲು. ಹದಿನಾಲ್ಕು ವರ್ಷಗಳ ವನವಾಸವನ್ನು ಮುಗಿಸಿಕೊಂಡು ಬರುವ ದಂಪತಿಗಳಿಗೆ ಮೊದಲು ಕಾಣುವ ನೆಲದ ಬೆಳೆ ಅಡಕೆ ಎಂಬುದು ಚನ್ನಗಿರಿಯ ಸೀಮೆಯ ವಾಚಕರಿಗೆ ಪ್ರಿಯವಾಗತಕ್ಕ ಸಂಗತಿ. ಬಳಿಕ ಮಾಲ್ಯವಂತ, ಪಂಪೆ, ಗೋದಾವರಿ, ಪಂಚವಟಿ. ಹಂಪೆಯ ಬಳಿಯಲ್ಲಿ ಇಂದಿಗೂ ಮಾಲ್ಯವಂತವೆಂದು ಕರೆಸಿಕೊಳ್ಳುವ ಗುಡ್ಡದ ಮೇಲೆ ರಘುನಾಥನ ಗುಡಿಯಿದೆ. ಪಂಚವಟಿಯೆಂದು ಜನರು ನಂಬಿರುವ ಸ್ಥಳವು ನಾಸಿಕದಲ್ಲಿದೆ. ಹೊನ್ನಾಳಿಯನ್ನು ಮುಟ್ಟಿ ಹರಿಯುವ ತುಂಗಭದ್ರೆಯೇ ಮುಂದೆ ಹಂಪೆಯ ಬಂಡೆಗಳ ನಡುವೆ ನುಗ್ಗುತ್ತದೆ. ಎಂದರೆ ಇಂದಿನ ದಂಪತಿಗಳ ಕಾರು ನೆಲದ ಮೇಲೆ ಹಿಡಿಯುವ ದಾರಿಯನ್ನೇ ಕಾಳಿದಾಸನ ವಿಮಾನವು ಆಕಾಶದಲ್ಲಿ ಹಿಡಿದಿತ್ತು.

ಈ ಸರ್ಗವನ್ನು ಭೂವರ್ಣನೆಯೆಂದು ಹೊಗಳುವವರು ಬಹಳ ಮಂದಿ. ಗಂಗಾಯಮುನೆಗಳ ಸಂಗಮಕ್ಕೆ ಕವಿಯು ಒಂದರ ಮೇಲೊಂದಾಗಿ ಕೊಡುವ ಉಪಮಾನಗಳನ್ನು ಬಾಯಿಪಾಠ ಹೇಳಿ ತೃಪ್ತರಾಗುವವರೂ ಉಂಟು. ಉಪಮಾನಗಳು ಸೊಗಸಾಗಿವೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಸರ್ಗದ ಜೀವವು ಅಲ್ಲಿಲ್ಲ. ಅದು ಮಾಲ್ಯವಂತಕ್ಕೆ ಸ್ವಲ್ಪ ಮುಂಚೆ ಬರುವ ಒಂದು ಕಾಲಂದುಗೆಯಲ್ಲಿದೆ. ಸೀತೆಯನ್ನು ಹುಡುಕುತ್ತ ಅಲೆಯುವಾಗ ನೆಲದ ಮೇಲೆ ಬಿದ್ದಿದ್ದ ಅವಳ ಒಂದು ನೂಪುರವನ್ನು ತಾನು ಕಂಡ ಎಡೆ ಇದು ಎಂದು ರಾಮನು ತೋರಿಸುತ್ತಾನೆ. ಅವಳ ಪಾದವನ್ನು ಅಗಲಿದ ದುಃಖದಿಂದಲೋ ಎಂಬಂತೆ ಅದು ಮೌನವಾಗಿತ್ತಂತೆ. ಮಾತಾಡಲಾರದ ಬಳ್ಳಿಗಳು ಕೊಂಬೆಗಳನ್ನು ಬಾಗಿಸಿ ದಾರಿ ತೋರಿಸಿದುವು. ಜಿಂಕೆಗಳು ದರ್ಭೆಯ ಮೊಳಕೆಯನ್ನು ಮೇಯುವುದನ್ನೂ ಬಿಟ್ಟು ದಕ್ಷಿಣದ ಕಡೆಗೆ ಕಣ್ಣೆತ್ತಿದುವು. ಪಂಪೆಯಲ್ಲಿ ಒಂದಕ್ಕೊಂದು ತಾವರೆಯ ಕೇಸರವನ್ನು ಕೊಟ್ಟುಕೊಳ್ಳುತ್ತಿದ್ದ ಚಕ್ರವಾಕದ ಜೋಡಿಗಳನ್ನು ತಾನೊಬ್ಬನೇ ನಿಂತು ಆಸೆಯಿಂದ ನೋಡಿದೆನೆನ್ನುತ್ತಾನೆ.

ಇಲ್ಲಿ ಗಮನಿಸತಕ್ಕುದೇನೆಂದರೆ, ಈ ದಾರಿಯನ್ನು ಇಬ್ಬರೂ ಮೊದಲೇ ಒಮ್ಮೆ ದಾಟಿದವರು, ಆದರೆ ಬೇರೆಬೇರೆಯಾಗಿ. ಸೀತೆಯು ಅದನ್ನು ಆಕಾಶದಿಂದ, ಬಲಾತ್ಕಾರದಿಂದ, ದಕ್ಷಿಣಕ್ಕೆ ಹೋಗುತ್ತ ಕಂಡಳು. ರಾಮನು ಅದನ್ನು ನೆಲದ ಮೇಲೆ, ಬಳ್ಳಿಬಳ್ಳಿಯನ್ನು ಕೇಳುತ್ತ, ನಡೆದು ಕಂಡನು. ಅವಳು ಕಳಚಿ ಬಿದ್ದ ನೂಪುರವನ್ನು ಬಲ್ಲಳು, ಅದು ಯಾರ ಕೈಗೆ ಸಿಕ್ಕಿತೆಂಬುದನ್ನು ಅರಿಯಳು. ಆದಕಾರಣ ರಾಮನು ಅವಳಿಗೆ ತೋರಿಸುತ್ತಿರುವುದು ಊರುಗಳನ್ನಲ್ಲ. ಅವಳಿಲ್ಲದ ತನ್ನ ದಿನಗಳನ್ನು. ಗೃಹಸ್ಥನೊಬ್ಬನು ತಾನು ಒಂಟಿಯಾಗಿ ಕಳೆದ ಕಾಲದ ಲೆಕ್ಕವನ್ನು ಹೆಂಡತಿಗೆ ಒಪ್ಪಿಸುತ್ತಿದ್ದಾನೆ. ಕವಿಯು ಸರ್ಗದ ಮೊದಲಲ್ಲಿಯೇ ಈ ಮಾತುಗಳು ಏಕಾಂತದಲ್ಲಿ ನಡೆದುವೆಂದು ಸೂಚಿಸಿರುವುದು ವ್ಯರ್ಥವಲ್ಲ. ವಿಮಾನದಲ್ಲಿ ಲಕ್ಷ್ಮಣ, ಸುಗ್ರೀವ, ವಿಭೀಷಣರಿದ್ದರೂ ಈ ಲೆಕ್ಕವು ಇಬ್ಬರದೇ. ಅಗಲಿಕೆಯು ಕೂಟದಲ್ಲಿ ನೆನಪಾಗಿ ಸುಖಕ್ಕೆ ತಿರುಗುವ ಈ ಪಾಕವನ್ನು ಶಾಸ್ತ್ರಕಾರರು ವಿಪ್ರಲಂಭ, ಸಂಭೋಗ ಎಂದು ಎರಡಾಗಿ ವಿಂಗಡಿಸಿದ ಯಾವ ಕೋಣೆಯಲ್ಲಿಯೂ ಪೂರ್ತಿಯಾಗಿ ಇಡಲಾಗದು.

ಸರಿಯೆ; ಆದರೆ ಸೀತೆಯು ಏನೆಂದಳು? ಏನನ್ನೂ ಅನ್ನಲಿಲ್ಲ. ಅಷ್ಟು ಉದ್ದದ ಸರ್ಗದಲ್ಲಿ ವಿಮಾನವು ನೆಲವನ್ನು ಮುಟ್ಟುವವರೆಗೆ ಅವಳ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ. ಅವಳು ಅಲ್ಲಿದ್ದಾಳೆಂಬುದಕ್ಕೆ ಗುರುತಾಗಿ ಕವಿಯು ಒಂದೇ ಚೇಷ್ಟೆಯನ್ನು ಇಟ್ಟಿದ್ದಾನೆ: ಕುತೂಹಲದಿಂದ ಕಿಟಕಿಯ ಹೊರಗೆ ಚಾಚಿದ ಕೈ. ಆ ಕೈ ಮೋಡವನ್ನು ಮುಟ್ಟುತ್ತದೆ, ಮೋಡವು ಮಿಂಚನ್ನು ಅದಕ್ಕೆ ಎರಡನೆಯ ಬಳೆಯಾಗಿ ತೊಡಿಸುತ್ತದೆ. ಓಡುವ ವಾಹನದ ಕಿಟಕಿಯಿಂದ ಕೈಯನ್ನು ಹೊರಚಾಚಿ ಗಾಳಿಯನ್ನು ಹಿಡಿಯುವ ಹುಡುಗಿಯರನ್ನು ಇಂದು ಯಾವ ರಸ್ತೆಯಲ್ಲಿಯಾದರೂ ಕಾಣಬಹುದು; ಹದಿನೈದು ಶತಮಾನಗಳಿಗೂ ಹಿಂದೆ ಕವಿಯೊಬ್ಬನು ಇದನ್ನು ಕಂಡಿದ್ದನು. ಗಂಡನು ಭೂಗೋಳವನ್ನು ಹೇಳುತ್ತಿದ್ದಾನೆ, ಅವಳು ಮೋಡವನ್ನು ಮುಟ್ಟುತ್ತಿದ್ದಾಳೆ. ಅವಳ ಪ್ರಯಾಣವು ಬೇರೆಯೇ ಒಂದು ಎಂಬುದನ್ನು ಈ ಒಂದು ಕೈ ಹೇಳಿಬಿಡುತ್ತದೆ. ಇಂದಿನ ಪ್ರವಾಸಕಥನಕಾರರು ಹೆಂಡತಿಯ ಮಾತನ್ನು ಬರೆಯಲಾರದಿದ್ದರೆ ಹೋಗಲಿ, ಇಂಥ ಒಂದು ಕೈಯನ್ನಾದರೂ ಬರೆಯಬಹುದಾಗಿತ್ತು.

ಕಾಳಿದಾಸನಿಗೆ ಹೆಣ್ಣಿನ ಪ್ರತ್ಯುತ್ತರವನ್ನು ಚಿತ್ರಿಸಲು ಬಾರದೆಂದು ಯಾರೂ ತಿಳಿಯಬೇಕಾದುದಿಲ್ಲ. ಕುಮಾರಸಂಭವದ ಎಂಟನೆಯ ಸರ್ಗವೂ ದಂಪತಿಗಳ ಪ್ರಯಾಣವೇ. ಪಾಠಶಾಲೆಗಳಲ್ಲಿ ಏಳನೆಯದಕ್ಕೆ ಪುಸ್ತಕವನ್ನು ಮುಚ್ಚಿಬಿಡುವ ರೂಢಿಯಿರುವುದರಿಂದ ಅನೇಕ ಪಂಡಿತರಿಗೂ ಇದು ಕದ್ದು ಓದಿದ ಸರ್ಗವಾಗಿಯೇ ಉಳಿದಿದೆ. ಮಲ್ಲಿನಾಥನೇನೋ ಸಂಕೋಚಪಡದೆ ಅದಕ್ಕೆ ವ್ಯಾಖ್ಯಾನ ಬರೆದನು. ಜಗತ್ತಿನ ತಾಯಿತಂದೆಗಳ ಶೃಂಗಾರವನ್ನು ವರ್ಣಿಸುವುದು ಅನುಚಿತವಾದರೂ ಕವಿಯ ಶಕ್ತಿಯಿಂದ ಆ ದೋಷವು ಮರೆಯಾಗುತ್ತದೆಂದು ಆನಂದವರ್ಧನನು ಧ್ವನ್ಯಾಲೋಕದಲ್ಲಿ ತೀರ್ಮಾನ ಕೊಟ್ಟದ್ದುಂಟು. ಅನೌಚಿತ್ಯದ ಚರ್ಚೆಯಲ್ಲಿ ಮುಳುಗಿದವರು ಆ ಸರ್ಗವು ಒಂದು ಪ್ರವಾಸಕಥನವೆಂಬುದನ್ನೇ ಮರೆತರು. ಮಗಳನ್ನು ಕಳುಹಿಸಲಾರದೆ ನೊಂದ ಹಿಮವಂತನ ಅಪ್ಪಣೆಯನ್ನು ಪಡೆದು ಶಿವನು ನಂದಿಯ ಮೇಲೆ ಪಾರ್ವತಿಯೊಡನೆ ಹೊರಡುತ್ತಾನೆ. ಮೇರು, ಮಂದರ, ಕೈಲಾಸ, ಮಲಯ, ನಂದನಗಳನ್ನು ಸುತ್ತಿ ಸಂಜೆಯ ಹೊತ್ತಿಗೆ ಗಂಧಮಾದನಕ್ಕೆ ಬರುತ್ತಾರೆ. ಶಿವನು ಸೂರ್ಯಾಸ್ತವನ್ನು ದೀರ್ಘವಾಗಿ ವರ್ಣಿಸಿ ಹೇಳುತ್ತಾನೆ. ನಡುವೆ ಸಂಧ್ಯೆಯನ್ನು ವಂದಿಸಲು ಅಪ್ಪಣೆ ಕೇಳುತ್ತಾನೆ. ಪಾರ್ವತಿಯ ಉತ್ತರವು ಬಹು ಸ್ವಾರಸ್ಯವಾದುದು. ಅವಳು ತುಟಿಯನ್ನು ಕೊಂಕಿಸಿ, ಗಂಡನ ಮಾತಿಗೆ ಕಿವಿಗೊಡದವಳಂತೆ, ಪಕ್ಕದಲ್ಲಿದ್ದ ಸಖಿ ವಿಜಯೆಯೊಡನೆ ಕಾರಣವಿಲ್ಲದೆ ಮಾತಿಗೆ ತೊಡಗುತ್ತಾಳೆ. ಮೂರು ಲೋಕದ ಒಡೆಯನು ಹೆಂಡತಿಯನ್ನು ಸಮಾಧಾನಪಡಿಸುವುದರಲ್ಲಿ ತೊಡಗಬೇಕಾಗುತ್ತದೆ. ಗೃಹಸ್ಥರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ದ್ರಾಕ್ಷಾರಸದ ವಿಚಾರವು ಬರುವುದೂ ಇಲ್ಲಿಯೇ. ಗಂಧಮಾದನದ ವನದೇವತೆಯು ತಾನಾಗಿಯೇ ಕೆಂಪು ಸೂರ್ಯಕಾಂತದ ಬಟ್ಟಲಿನಲ್ಲಿ ಕಲ್ಪವೃಕ್ಷದ ಮಧುವನ್ನು ತಂದು ಅತಿಥಿಗಳ ಮುಂದೆ ನಿಲ್ಲುತ್ತಾಳೆ; ಶಿವನು ಅದನ್ನು ಪಾರ್ವತಿಗೆ ಕುಡಿಸುತ್ತಾನೆ. ಮದ್ಯಪಾನವು ಸಾಧುವೋ ಅಸಾಧುವೋ ಎಂಬುದು ಧರ್ಮಶಾಸ್ತ್ರದ ವಿಷಯ, ಅದನ್ನು ಮನುವು ನಿರ್ಣಯಿಸಿದ್ದಾನೆ. ವರ್ಣನೆಯು ಸಾಧುವೋ ಎಂಬಷ್ಟೇ ವಿಮರ್ಶೆಯ ವಿಷಯ. ಮಹಾಕಾವ್ಯದಲ್ಲಿ ಬರಬೇಕಾದ ವರ್ಣನೆಗಳನ್ನು ಎಣಿಸುವಾಗ ದಂಡಿಯು ಮಧುಪಾನವನ್ನೂ ಹೇಳಿದ್ದಾನೆ. ಅದರಂತೆ ಭಾರವಿ, ಮಾಘರು ಬರೆದರು. ಪಂಪನೂ 941ರ ವಿಕ್ರಮಾರ್ಜುನವಿಜಯದ ನಾಲ್ಕನೆಯ ಆಶ್ವಾಸದಲ್ಲಿ ಪಾನಗೋಷ್ಠಿಯನ್ನು ಬಿಡಲಿಲ್ಲ. ಆದರೆ ಇವರಲ್ಲಿ ಬಹುಮಟ್ಟಿಗೆ ಕುಡಿತವು ಲಕ್ಷಣಕ್ಕಾಗಿ ಬಂದದ್ದು. ಗಂಧಮಾದನದಲ್ಲಿ ಅದು ಸ್ಥಳದ ಆತಿಥ್ಯವಾಗಿ ಬಂದಿದೆ. ಕಾಡು ತನ್ನದನ್ನು ತಾನೇ ತಂದು ಕೊಡುತ್ತದೆ.

ಮಧುವು ಊರಿನ ಹೆಸರಿನಿಂದ ಪ್ರಸಿದ್ಧವಾಗುವುದು ಈ ದೇಶಕ್ಕೆ ಹೊಸತಲ್ಲ. ಕಾಪಿಶೀ ಎಂಬ ನಗರದ ಹೆಸರಿನಿಂದ ಕಾಪಿಶಾಯನವೆಂಬ ಶಬ್ದವನ್ನು ಸಾಧಿಸಲು ಪಾಣಿನಿಯು ಒಂದು ಸೂತ್ರವನ್ನೇ ಮೀಸಲಿಟ್ಟನು. ದ್ರಾಕ್ಷಿಯ ರಸವೇ ಮಧುವೆಂದೂ ಅದನ್ನು ಹುಟ್ಟಿದ ದೇಶದಿಂದ ಕಾಪಿಶಾಯನ, ಹಾರಹೂರಕ ಎಂದು ಕರೆಯುವರೆಂದೂ ಕೌಟಿಲ್ಯನು ಸುರಾಧ್ಯಕ್ಷನ ಪ್ರಕರಣದಲ್ಲಿ ಬರೆದನು. ಆ ಕಾಪಿಶಿಯು ಕಾಬೂಲಿನ ಉತ್ತರಕ್ಕಿರುವ ಬೇಗ್ರಾಮವೆಂದು ಶೋಧಕರ ಮತ. ರಘುವಂಶದ ನಾಲ್ಕನೆಯ ಸರ್ಗದಲ್ಲಿ ರಘುವಿನ ಭಟರು ದಣಿವಾರಿಸಿಕೊಳ್ಳುವುದು ಪಾರಸಿಕರ ದ್ರಾಕ್ಷಾತೋಟಗಳಲ್ಲಿ, ಜಿಂಕೆಯ ಚರ್ಮವನ್ನು ಹಾಸಿಕೊಂಡು. ಅದೇ ಸರ್ಗದಲ್ಲಿ ಅವನು ದಕ್ಷಿಣಕ್ಕೆ ಬಂದಾಗ ಹಿಡಿದ ದಾರಿಯು ಅಡಕೆಯ ಸಾಲುಗಳ ಕಡಲತಡಿ. ಕಾಳಿದಾಸನ ಭೂಪಟದಲ್ಲಿ ಅಡಕೆಯು ದಕ್ಷಿಣದ ತುದಿ, ದ್ರಾಕ್ಷಿಯು ವಾಯವ್ಯದ ತುದಿ. ನಡುವೆ ದಿಗ್ವಿಜಯವೊಂದೇ ಸೇತುವೆ. ಇಂದು ಅವೆರಡರ ನಡುವೆ ಒಂದು ದಿನದ ದಾರಿಯಿದೆ. ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಕವು ದೊರೆತು ಪಾಣಿನಿಯ ತದ್ಧಿತದ ಕೆಲಸವನ್ನು ಸರಕಾರದ ಕಚೇರಿಯೇ ಮಾಡಿದಂತಾಯಿತು; ಕರ್ನಾಟಕ ಸರಕಾರವು 2007ರಲ್ಲಿಯೇ ದ್ರಾಕ್ಷಾರಸಕ್ಕಾಗಿ ಪ್ರತ್ಯೇಕ ನೀತಿಯನ್ನು ಹೊರಡಿಸಿತು; ನಂದಿಬೆಟ್ಟದ ತಪ್ಪಲು, ಕೃಷ್ಣೆಯ ಕಣಿವೆ, ಹಂಪೆಯ ಗುಡ್ಡಗಳ ಸೀಮೆ ಇವೆಲ್ಲ ಸೀಸೆಯ ಮೇಲಿನ ಹೆಸರುಗಳಾದುವು.

ಹೀಗಿರುವಾಗ ಈ ತೋಟಗಳನ್ನು ನೋಡಿಬಂದ ಕನ್ನಡಿಗರು ಅದನ್ನು ಯಾವ ಮಾತಿನಲ್ಲಿ ಬರೆಯುತ್ತಿದ್ದಾರೆ? ಕಾರ್ಖಾನೆಯವನು ಹೇಳಿಕೊಟ್ಟ ಓಕ್, ಟ್ಯಾನಿನ್, ಅರೋಮಾ ಮುಂತಾದ ಮಾತುಗಳನ್ನು ಯಥಾವತ್ತಾಗಿ ಇಳಿಸಿ, ಮುಂದೆ ಏನು ಹೇಳಬೇಕೆಂದು ತೋರದೆ ನಿಂತುಬಿಡುತ್ತಾರೆ. ಟ್ಯಾನಿನ್ ಎಂಬುದು ಒಗರಲ್ಲದೆ ಮತ್ತೇನು? ಒಗರನ್ನು ಅಡಕೆಯ ಸೀಮೆಯವರಿಗಿಂತ ಚೆನ್ನಾಗಿ ಬಲ್ಲವರು ಭೂಮಿಯ ಮೇಲೆ ವಿರಳ. ಹಸಿ ಅಡಕೆಯನ್ನು ಬೇಯಿಸಿದ ಚೊಗರು ಹಂಡೆಯಲ್ಲಿ ದಿನದಿನಕ್ಕೆ ಗಟ್ಟಿಯಾಗಿ ಕೆಂಪೇರುವುದನ್ನು, ಅದರಿಂದ ಅಡಕೆಗೆ ಬಣ್ಣವೂ ಮೆರುಗೂ ಬರುವುದನ್ನು, ನಾಲಗೆಯನ್ನು ಬಿಗಿಹಿಡಿಯುವ ಅದರ ಗುಣವನ್ನು ಮನೆಯ ಹೆಂಗಸರು ಗಂಡಸರಿಗಿಂತ ಹೆಚ್ಚಾಗಿ ಅರಿತಿದ್ದಾರೆ. ಕೆಂಪು ದ್ರಾಕ್ಷಾರಸವನ್ನು ಬಾಯಿಗೆ ಮುಟ್ಟಿಸಿಯೋ, ಮುಟ್ಟಿಸದೆ ಬರಿಯ ವಾಸನೆ ನೋಡಿಯೋ, ಇದು ನಮ್ಮ ಚೊಗರಿನ ತಂಗಿಯೆಂದು ಚನ್ನಗಿರಿಯ ಗೃಹಿಣಿಯೊಬ್ಬಳು ಹೇಳಿದ್ದರೆ ಆ ಒಂದು ವಾಕ್ಯದಿಂದ ಇಡೀ ಕಥನವು ಬೆಳಗುತ್ತಿತ್ತು. ಅವಳು ಹೇಳಿದ್ದರೂ ಹೇಳಿರಬಹುದು. ಬರೆದುಕೊಂಡವರಿಲ್ಲ.

ಹೆಂಡತಿಯು ಮಾತಾಡಿದರೆ ಗ್ರಂಥಕ್ಕೆ ಏನಾಗುವುದೆಂಬುದಕ್ಕೆ ಕನ್ನಡದಲ್ಲಿ ನಿದರ್ಶನವಿಲ್ಲದೆ ಇಲ್ಲ. ನಂದಳಿಕೆಯ ಮುದ್ದಣನು ರಾಮಾಶ್ವಮೇಧದಲ್ಲಿ ಹೇಳುವ ಕಥೆಯೂ ಪ್ರಯಾಣದ ಕಥೆಯೇ. ಅಶ್ವಮೇಧದ ಕುದುರೆಯು ನಾಡುನಾಡನ್ನು ಸುತ್ತುತ್ತದೆ, ಶತ್ರುಘ್ನನು ಹಿಂದೆ ಹೋಗುತ್ತಾನೆ. ಆ ಕುದುರೆಯ ದಾರಿಯನ್ನು ಇಂದು ನೆನಪಿಟ್ಟವರು ಕೆಲವರು. ಮನೋರಮೆಯನ್ನು ಮರೆತವರು ಇಲ್ಲ. ಅವಳು ತಡೆಯುತ್ತಾಳೆ, ಹಾಸ್ಯ ಮಾಡುತ್ತಾಳೆ, ಗಂಡನ ಸಂಸ್ಕೃತವನ್ನು ಅಡಗಿಸಿ ಕನ್ನಡವನ್ನು ಹೊರಡಿಸುತ್ತಾಳೆ. 1901ರಲ್ಲಿ ಮೂವತ್ತೊಂದರ ಹರೆಯದಲ್ಲಿಯೇ ತೀರಿಹೋದ ಆ ಕವಿಯು ಮನೆಯೊಳಗೆ ಕುಳಿತೇ ಸಾಧಿಸಿದುದನ್ನು, ಸಾವಿರ ಕಿಲೋಮೀಟರು ಸುತ್ತಿಬಂದ ಲೇಖಕರು ಸಾಧಿಸದಿರುವುದು ಆಶ್ಚರ್ಯ.

ಮತ್ತೆ ಪುಷ್ಪಕಕ್ಕೆ ಬಂದರೆ, ಸೀತೆಯ ಮೌನವನ್ನು ಇನ್ನೊಂದು ಕಡೆಯಿಂದ ನೋಡಬೇಕಾಗುತ್ತದೆ. ವಾಲ್ಮೀಕಿಯ ಪ್ರಚಲಿತ ಪಾಠದಲ್ಲಿ ಅವಳು ಮೌನವಾಗಿಲ್ಲ. ರಾಮನು ಕಿಷ್ಕಿಂಧೆಯನ್ನು ತೋರಿಸುತ್ತಲೇ, ತಾರೆಯೇ ಮೊದಲಾದ ವಾನರಸ್ತ್ರೀಯರನ್ನೂ ಜೊತೆಗೆ ಕರೆದುಕೊಂಡು ಅಯೋಧ್ಯೆಗೆ ಹೋಗಬೇಕೆಂದು ಕೇಳುತ್ತಾಳೆ. ವಿಮಾನವು ನಿಲ್ಲುತ್ತದೆ, ಆ ಹೆಂಗಸರು ಸಿಂಗರಿಸಿಕೊಂಡು ಬಂದು ಏರುತ್ತಾರೆ. ಎಷ್ಟು ಸಹಜವಾದ ಆಸೆ! ವರ್ಷವಿಡೀ ರಾಕ್ಷಸಿಯರ ನಡುವೆ ಒಬ್ಬಳೇ ಕುಳಿತಿದ್ದವಳಿಗೆ ಹೆಂಗಸರ ಜೊತೆ ಬೇಕಾಗಿತ್ತು. ಕಾಳಿದಾಸನು ಇದನ್ನು ಬಿಟ್ಟನು. ವಾಲ್ಮೀಕಿಯನ್ನು ಚೆನ್ನಾಗಿ ಬಲ್ಲವನು ಮರೆತು ಬಿಟ್ಟನೆನ್ನಲಾಗದು. ಇನ್ನೊಂದನ್ನೂ ಅವನು ಹೆಚ್ಚುಕಡಮೆ ಬಿಟ್ಟಿದ್ದಾನೆ: ಅಗ್ನಿಪ್ರವೇಶವು ಹನ್ನೆರಡನೆಯ ಸರ್ಗದ ಕೊನೆಯಲ್ಲಿ ಒಂದು ವಿಶೇಷಣವಾಗಿ ಮಾತ್ರ ಸುಳಿದು ಹೋಗುತ್ತದೆ. ರಾಮನು ಅಷ್ಟೆಲ್ಲ ಹೇಳುತ್ತಾನೆ, ನೂಪುರವನ್ನು ಹೇಳುತ್ತಾನೆ, ಪಂಚವಟಿಯಲ್ಲಿ ಅವಳು ನೀರೆರೆದು ಬೆಳೆಸಿದ ಮಾವಿನ ಗಿಡಗಳನ್ನು ಹೇಳುತ್ತಾನೆ, ಅವಳ ಮಡಿಲಲ್ಲಿ ತಲೆಯಿಟ್ಟು ಮಲಗಿದ ಬೆತ್ತದ ಮನೆಯನ್ನು ಹೇಳುತ್ತಾನೆ. ಬೆಂಕಿಯ ಮಾತನ್ನು ಎತ್ತುವುದಿಲ್ಲ. ಅವನ ವಾಗ್ಝರಿಯು ಆ ಒಂದು ಮಾತಿನ ಸುತ್ತಲೂ ಹರಿದು ಮುಂದೆ ಹೋಗುತ್ತದೆ. ಅವಳೂ ಎತ್ತುವುದಿಲ್ಲ.

ಇದು ಕವಿಯ ಉದ್ದೇಶವೇ ಎಂದು ಕೇಳಿದರೆ ಉತ್ತರವು ಮುಂದಿನ ಸರ್ಗದಲ್ಲಿದೆ. ಹದಿನಾಲ್ಕನೆಯ ಸರ್ಗದಲ್ಲಿ ಎರಡನೆಯ ಪ್ರಯಾಣವಿದೆ. ಗರ್ಭಿಣಿಯಾದ ಸೀತೆಯು ಗಂಗಾತೀರದ ತಪೋವನಗಳನ್ನು ಮತ್ತೆ ನೋಡಬೇಕೆಂದು ಬಯಸುತ್ತಾಳೆ. ಆ ಬಯಕೆಯ ನೆವದಿಂದಲೇ ಅವಳನ್ನು ರಥವೇರಿಸಿ ಕಾಡಿಗೆ ಕಳುಹಿಸಲಾಗುತ್ತದೆ. ದಾರಿಯಲ್ಲಿ ರಮ್ಯವಾದ ಪ್ರದೇಶಗಳನ್ನು ನೋಡುತ್ತ, ಗಂಡನು ತನ್ನ ಇಷ್ಟವನ್ನು ಸಲ್ಲಿಸಿದನೆಂದು ಅವಳು ಸಂತೋಷಪಡುತ್ತಾಳೆ. ಕಲ್ಪವೃಕ್ಷವು ತನ್ನ ಪಾಲಿಗೆ ಕತ್ತಿಯೆಲೆಯ ಮರವಾದುದನ್ನು ಅವಳು ತಿಳಿಯಳು. ಅಲ್ಲಿ, ಗಂಗೆಯ ಆಚೆಯ ದಡದಲ್ಲಿ, ಮೂರ್ಛೆ ತಿಳಿದೆದ್ದ ಮೇಲೆ ಅವಳು ಮಾತಾಡುತ್ತಾಳೆ. ಹದಿಮೂರನೆಯ ಸರ್ಗದಲ್ಲಿ ಮೋಡವನ್ನು ಮುಟ್ಟಿ ಸುಮ್ಮನಿದ್ದವಳು ಈಗ ಲಕ್ಷ್ಮಣನ ಕೈಯಲ್ಲಿ ಹೇಳಿಕಳುಹಿಸುವ ಸಂದೇಶದಲ್ಲಿ ಗಂಡನನ್ನು ಗಂಡನೆನ್ನದೆ ಆ ರಾಜನೆನ್ನುತ್ತಾಳೆ. ಯಾರೂ ಎತ್ತದೆ ಬಿಟ್ಟಿದ್ದ ಬೆಂಕಿಯ ಮಾತನ್ನು ಎತ್ತುತ್ತಾಳೆ. ಕಣ್ಣೆದುರಿನಲ್ಲಿ ಶುದ್ಧಳಾದವಳನ್ನು ಜನರ ಮಾತಿಗೆ ಬಿಟ್ಟುದು ಅವನ ಕುಲಕ್ಕೆ ಒಪ್ಪಿತೆ, ವಿದ್ಯೆಗೆ ಒಪ್ಪಿತೆ ಎಂದು ಕೇಳುತ್ತಾಳೆ. ಹಾಗಾದರೆ ಮೊದಲ ಪ್ರಯಾಣದ ಮೌನವು ಕವಿಯ ಅಲಕ್ಷ್ಯವಲ್ಲ, ಎರಡನೆಯದಕ್ಕಾಗಿ ಕೂಡಿಟ್ಟದ್ದು. ಹದಿಮೂರನ್ನು ಬಿಡಿಯಾಗಿ ಓದಿದವರಿಗೆ ಅದು ಸುಖದ ವಿಹಾರ. ಹದಿನಾಲ್ಕರ ಜೊತೆಗೆ ಓದಿದವರಿಗೆ ಆ ಸುಖದ ಒಂದೊಂದು ಮಾತೂ ಭಾರವಾಗುತ್ತದೆ. ಇಷ್ಟಾದರೂ, ಕಿಷ್ಕಿಂಧೆಯ ನಿಲುಗಡೆಯನ್ನು ಕವಿಯು ಉಳಿಸಿಕೊಂಡಿದ್ದರೆ ಅವನ ಉದ್ದೇಶಕ್ಕೆ ಕುಂದು ಬರುತ್ತಿತ್ತೆಂದು ಒಪ್ಪುವುದು ಕಷ್ಟ. ತೂಕದಲ್ಲಿ ಇಲ್ಲಿ ವಾಲ್ಮೀಕಿಯೇ ಮೇಲು.

ಈ ಕೊರತೆಯನ್ನು ಮೊದಲು ಕಂಡವನು ಯಾವ ಆಲಂಕಾರಿಕನೂ ಅಲ್ಲ, ಭವಭೂತಿ. ಉತ್ತರರಾಮಚರಿತದ ಮೊದಲಂಕದಲ್ಲಿ ಅವನು ಅದೇ ದಾರಿಯನ್ನು ಚಿತ್ರಪಟಗಳಾಗಿ ಮಾಡಿ ಗೋಡೆಗೆ ಏರಿಸಿದನು. ಪ್ರವಾಸದಿಂದ ಬಂದವರು ಭಾವಚಿತ್ರಗಳನ್ನು ಹರಡಿಕೊಂಡು ಕುಳಿತಂತೆ ರಾಮ, ಸೀತೆ, ಲಕ್ಷ್ಮಣರು ಅವನ್ನು ನೋಡುತ್ತಾರೆ. ಇಲ್ಲಿ ಸೀತೆಯು ಕೇಳುತ್ತಾಳೆ, ಗುರುತಿಸುತ್ತಾಳೆ, ಮರುಗುತ್ತಾಳೆ. ಶೂರ್ಪಣಖಿಯ ಚಿತ್ರವನ್ನು ಕಂಡು ಬೆದರಿದಾಗ ಇದು ಚಿತ್ರವೆಂದು ಗಂಡನು ಸಂತೈಸಬೇಕಾಗುತ್ತದೆ. ನೋಡಿದಂತೆಲ್ಲ ಆ ಕಾಡುಗಳನ್ನು ಮತ್ತೊಮ್ಮೆ ಹೊಗಬೇಕು, ಭಾಗೀರಥಿಯಲ್ಲಿ ಮೀಯಬೇಕು ಎಂಬ ಬಯಕೆ ಹುಟ್ಟುತ್ತದೆ. ರಥವನ್ನು ಸಿದ್ಧಪಡಿಸಲು ರಾಮನು ಅಪ್ಪಣೆ ಕೊಡುತ್ತಾನೆ. ಆಗ ಅವಳು, ನೀವೂ ಬರಬೇಕೆಂದು ಕೇಳುತ್ತಾಳೆ. ಕಠಿನಹೃದಯಳೆ, ಇದನ್ನೂ ಹೇಳಬೇಕೆ ಎ೦ಬ ಅರ್ಥದ ಉತ್ತರವು ಅವನಿಂದ ಬರುತ್ತದೆ. ಅವನ ತೋಳಿನ ಮೇಲೆ ಅವಳು ನಿದ್ರೆಹೋದ ಮೇಲೆ ದುರ್ಮುಖನು ಊರಿನ ಮಾತನ್ನು ತರುತ್ತಾನೆ.

ಶಾಲೆಕಾಲೇಜುಗಳ ಸಂಸ್ಕೃತ ತರಗತಿಗಳಿಗೆ ಹದಿಮೂರನೆಯ ಸರ್ಗವನ್ನು ಮಾತ್ರ ಆರಿಸಿಡುವವರು ಅದರ ಹಿಂದೆಯೇ ಹದಿನಾಲ್ಕನೆಯದನ್ನೂ ಭವಭೂತಿಯ ಈ ಅಂಕವನ್ನೂ ಇಡುವುದು ಉಚಿತ. ಸಂಸ್ಕೃತವನ್ನು ಕಲಿಯದ ಮನೆಗಳಲ್ಲಿಯೂ ಇದಕ್ಕೆ ಅಡ್ಡಿಯಿಲ್ಲ, ಎಸ್. ವಿ. ಪರಮೇಶ್ವರ ಭಟ್ಟರು ಕಾಳಿದಾಸನ ಕೃತಿಗಳೆಲ್ಲವನ್ನೂ ಕನ್ನಡಕ್ಕೆ ತಂದಿದ್ದಾರೆ. ದ್ರಾಕ್ಷಿಯ ಸೀಮೆಗೆ ಹೊರಡುವ ದಂಪತಿಗಳು ಅದನ್ನು ಕಾರಿನಲ್ಲಿ ಇಟ್ಟುಕೊಂಡು, ಹಂಪೆಯ ಮಾಲ್ಯವಂತದ ಮೇಲೆ ಕುಳಿತು ಓದಬಹುದು. ಗಂಡನು ಓದುವುದಾದರೆ ರಾಮನ ಮಾತಿನ ಭಾಗವನ್ನು. ಸಂದೇಶದ ಭಾಗವು ಬಂದಾಗ ಪುಸ್ತಕವನ್ನು ಹೆಂಡತಿಯ ಕೈಗೆ ಕೊಡತಕ್ಕದ್ದು.